ಥರ್ಮಾಮೀಟರ್ ಯಾರು ಹಿಡ್ಕೊಂಡಿದ್ರು?

ಭಾನುವಾರ ಬೆಳಿಗ್ಗೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಮ್ಮ ಚಿತ್ರಾನ್ನದ ಒಗ್ಗರಣೆಗೆ ಎಣ್ಣೆ ಇಟ್ಟಿದ್ದರು. ಒಂಬತ್ತನೇ ಕ್ಲಾಸಿನ ಅಕ್ಕನ ಮಗ ಊಟದ ಟೇಬಲ್ ತುಂಬ ಪುಸ್ತಕ ಹರಡಿಕೊಂಡು ಶಾಲೆಯ ಕ್ವಿಜ್‌ಗೆ ತಯಾರಾಗುತ್ತಿದ್ದ.

"ಚಿಕ್ಕಮ್ಮಾ, ಮನುಷ್ಯರು ಇದುವರೆಗೆ ಮಾಡಿರೋ ಅತಿ ಹೆಚ್ಚು ಬಿಸಿ ಎಷ್ಟು ಹೇಳಿ ನೋಡೋಣ?"

ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವನೇ ಹೇಳಿಬಿಟ್ಟ. "5.5 ಲಕ್ಷ ಕೋಟಿ ಡಿಗ್ರಿ. 2012, ಜಿನೀವಾ ಹತ್ರ, ಸರ್ನ್‌ನಲ್ಲಿ. ಗಿನ್ನೆಸ್ ರೆಕಾರ್ಡ್."

ಲಕ್ಷ ಕೋಟಿ ಅನ್ನೋದು ರಾಜ್ಯ ಬಜೆಟ್ಟಿನ ದಿನ ಮಾತ್ರ ನಮ್ಮ ಕಿವಿಗೆ ಬೀಳುವ ಸಂಖ್ಯೆ. ಅವನಿಗೂ ಅನುಮಾನ ಬಂದಿರಬೇಕು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ ಕೇಳಿದ: "ಅಲ್ಲಾ, ಅಷ್ಟು ಬಿಸಿಯಲ್ಲಿ ಥರ್ಮಾಮೀಟರ್ ಕರಗಿ ಹೋಗಲ್ವಾ? ಯಾರು ಹಿಡ್ಕೊಂಡಿದ್ರು ಅದನ್ನ?"

ನಾನು ಜ್ಞಾನಭಾರತಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿದವಳು. ಮುಂದೆ ಓದಬೇಕು ಅಂತ ಆಸೆ ಇತ್ತು, ಮನೆ ಪರಿಸ್ಥಿತಿ ಬೇರೆ ಇತ್ತು. ಈಗ ಡೇಟಾ ಅನಲಿಸ್ಟ್. ದಿನಾ ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಸಾವಿರಾರು ಬ್ಯಾಕ್‌ಪ್ಯಾಕ್‌ಗಳಲ್ಲಿ ನನ್ನದೂ ಒಂದು. ಹುಡುಗನ ಪ್ರಶ್ನೆಗೆ "ಅದೆಲ್ಲ ಲೆಕ್ಕ ಹಾಕಿ ಹೇಳ್ತಾರೆ ಕಣೋ" ಅಂದೆ. "ಯಾವ ಲೆಕ್ಕ?" ಅಂದ. ಉತ್ತರ ಕೊಡೋಕೆ ನನಗೆ ಮೂರು ಭಾನುವಾರ ಬೇಕಾಯಿತು. ಆ ಮೂರು ವಾರದಲ್ಲಿ ನಾನು ಆಫೀಸಿನಲ್ಲಿ ಮಾಡಿದ್ದ ಒಂದು ತಪ್ಪೂ ಹೊರಗೆ ಬಂತು.

ಮೊದಲು ಡಿಕ್ಕಿಯ ವಿಷಯ. ಸರ್ನ್‌ನ ಎಲ್‌ಎಚ್‌ಸಿ 27 ಕಿಲೋಮೀಟರ್ ಸುತ್ತಳತೆಯ ಉಂಗುರ. ವರ್ಷದ ಬಹುಪಾಲು ಅದರಲ್ಲಿ ಪ್ರೋಟಾನ್‌ಗಳು ಓಡುತ್ತವೆ. ಆದರೆ 2010ರ ನವೆಂಬರ್‌ನಿಂದ ಆಗಾಗ ಕೆಲವು ವಾರ ಸೀಸದ ನ್ಯೂಕ್ಲಿಯಸ್‌ಗಳನ್ನು ಓಡಿಸುತ್ತಾರೆ. ಒಂದು ಸೀಸದ ನ್ಯೂಕ್ಲಿಯಸ್ ಅಂದರೆ 82 ಪ್ರೋಟಾನು, 126 ನ್ಯೂಟ್ರಾನು, ಒಟ್ಟು 208ರ ಮೂಟೆ. ಎದುರುಬದುರಾಗಿ ಬೆಳಕಿಗೆ ಸಮೀಪದ ವೇಗದಲ್ಲಿ ಬಂದ ಎರಡು ಮೂಟೆಗಳು ಬಡಿದಾಗ ಪ್ರೋಟಾನು, ನ್ಯೂಟ್ರಾನು ಅನ್ನುವ ಗೋಡೆಗಳೇ ಕರಗಿ, ಒಳಗಿನ ಕ್ವಾರ್ಕು ಗ್ಲುವಾನುಗಳ ಒಂದು ಹನಿ ಹುಟ್ಟುತ್ತದೆ. ಅದರ ಆಯುಷ್ಯ ದಶಾಂಶ ಬಿಂದುವಿನ ನಂತರ 22 ಸೊನ್ನೆ ಹಾಕಿ 1 ಬರೆದರೆ ಬರುವಷ್ಟು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಹನಿ ಉಬ್ಬಿ, ತಣಿದು, ಸಾವಿರಾರು ಕಣಗಳಾಗಿ ಒಡೆದು ಎಲ್ಲ ಕಡೆ ಚಿಮ್ಮುತ್ತದೆ. ನಮಗೆ ಸಿಗೋದು ಆ ಚಿಮ್ಮಿದ ಕಣಗಳು ಮಾತ್ರ. ಹನಿಯನ್ನು ಯಾರೂ ನೋಡಿಲ್ಲ, ನೋಡುವುದೂ ಇಲ್ಲ.

"ಹಾಗಾದ್ರೆ ಬಿಸಿ ಎಷ್ಟಿತ್ತು ಅಂತ ಹೇಗೆ ಹೇಳ್ತಾರೆ?"

ಅಷ್ಟರಲ್ಲಿ ಅಮ್ಮ ಎಣ್ಣೆಗೆ ಸಾಸಿವೆ ಹಾಕಿದರು. ಚಟಪಟ. ನನಗೆ ಹೊಳೆದದ್ದು ಅದೇ. ಸಿಡಿದ ಸಾಸಿವೆ ಎಲ್ಲೆಲ್ಲಿ ಬಿತ್ತು ಅಂತ ನೋಡು ಅಂದೆ. ಒಲೆಯ ಪಕ್ಕದ ಟೈಲ್‌ನಲ್ಲಿ ಬಹಳ, ಮುಂದಿನ ಟೈಲ್‌ನಲ್ಲಿ ಅದರ ಅರ್ಧ, ಅದರ ಮುಂದಿನದರಲ್ಲಿ ಅದರ ಅರ್ಧ. 40, 20, 10, 5. ಎಣ್ಣೆ ಇನ್ನೂ ಕಾದಿದ್ದರೆ ಈ ಇಳಿಕೆ ನಿಧಾನವಾಗುತ್ತದೆ, ದೂರದ ಟೈಲ್‌ಗೂ ನಾಲ್ಕು ಕಾಳು ಮುಟ್ಟುತ್ತವೆ. ಎಣ್ಣೆಗೆ ಬೆರಳು ಅದ್ದದೆ ಅದರ ಬಿಸಿಯನ್ನು ಸಾಸಿವೆ ಲೆಕ್ಕದಿಂದ ಓದಬಹುದು. (ನಿಜವಾದ ಟೈಲ್‌ಗಳಲ್ಲಿ 40, 20, 10 ಖಂಡಿತ ಬರಲಿಲ್ಲ. ಎಣಿಸಿ ಮುಗಿಸುವ ಮೊದಲೇ ಅಮ್ಮ "ಅಡುಗೆಮನೆಯಿಂದ ಹೊರಗೆ ನಡೀರಿ ಇಬ್ರೂ" ಅಂತ ಬಟ್ಟೆಯಲ್ಲಿ ಒರೆಸಿಬಿಟ್ಟರು.)

ಸರ್ನ್‌ನ ಆಲಿಸ್ ಪ್ರಯೋಗ ಮಾಡುವ ಲೆಕ್ಕದ ಮೊದಲ ಮೆಟ್ಟಿಲು ಹೆಚ್ಚುಕಮ್ಮಿ ಇದೇ. ಆಲಿಸ್ ಒಂದು ದೊಡ್ಡ ಅಯಸ್ಕಾಂತದ ಒಳಗೆ ಕೂತಿದೆ. ವಿದ್ಯುದಂಶವಿರುವ ಕಣದ ದಾರಿ ಅದರಲ್ಲಿ ಬಾಗುತ್ತದೆ, ಜೋರಾಗಿ ಹೋಗುವ ಕಣ ಕಡಿಮೆ ಬಾಗುತ್ತದೆ. ಬಾಗಿನಿಂದ ಅದರ ಅಡ್ಡ ದಿಕ್ಕಿನ ಸಂವೇಗ ಸಿಗುತ್ತದೆ. ಅಡ್ಡ ದಿಕ್ಕೇ ಯಾಕೆ ಅಂದರೆ, ನೇರ ದಿಕ್ಕಿನಲ್ಲಿ ಮೊದಲೇ ಬೀಮ್‌ನ ವೇಗ ಇತ್ತು. ಪಕ್ಕಕ್ಕೆ ಹೋದದ್ದೆಲ್ಲ ಡಿಕ್ಕಿಯಲ್ಲೇ ಹುಟ್ಟಿದ್ದು. ಅನಿಲದಲ್ಲಿ ಎಷ್ಟು ಶಕ್ತಿ ಕಳೆದುಕೊಂಡಿತು, ಇಷ್ಟು ದೂರಕ್ಕೆ ಎಷ್ಟು ಸಮಯ ತಗೊಂಡಿತು ಅನ್ನುವುದರಿಂದ ಅದು ಪಯಾನೋ, ಕೇಯಾನೋ, ಪ್ರೋಟಾನೋ ಅಂತ ಗುರುತು ಹಿಡಿಯುತ್ತಾರೆ. ಆಮೇಲೆ ಎಣಿಕೆ: ಇಷ್ಟು ಶಕ್ತಿಯವು ಇಷ್ಟು, ಅದರ ಮುಂದಿನ ಮನೆಯಲ್ಲಿ ಇಷ್ಟು. ಈ ಪಟ್ಟಿಗೇ ಸ್ಪೆಕ್ಟ್ರಮ್ ಅನ್ನುವುದು.

ಅಮ್ಮ ಒರೆಸಿದ ಸಾಸಿವೆಯ ಲೆಕ್ಕವೂ ಅಲ್ಲಿ ಉಂಟು. ಯಾವ ಯಂತ್ರವೂ ಎಲ್ಲ ಕಣಗಳನ್ನೂ ಹಿಡಿಯುವುದಿಲ್ಲ, ಹಿಡಿದದ್ದನ್ನೂ ಕೆಲವೊಮ್ಮೆ ಪಕ್ಕದ ಮನೆಗೆ ಹಾಕುತ್ತದೆ. ಕಂಪ್ಯೂಟರ್‌ನಲ್ಲಿ ಸುಳ್ಳು ಡಿಕ್ಕಿಗಳನ್ನು ಮಾಡಿಸಿ, ನಮಗೆ ಗೊತ್ತಿರುವ ಎಣಿಕೆಯಲ್ಲಿ ಎಷ್ಟು ಕಳೆದುಹೋಯಿತು ಅಂತ ನೋಡಿ, ನಿಜವಾದ ಎಣಿಕೆಯನ್ನು ಹಿಂದಕ್ಕೆ ತಿದ್ದುತ್ತಾರೆ. ಅದೇ ಒಂದು ಗಣಿತ ಶಾಖೆ, ಇಲ್ಲಿ ಬೇಡ.

ಈಗ ಲಾಗ್ ಸ್ಕೇಲ್ ನೆನಪು ಮಾಡಿಕೊಳ್ಳಿ, ಪಿಯುಸಿಯಲ್ಲಿ ಬೈದುಕೊಂಡು ಓದಿದ್ದು. ಪ್ರತಿ ಹೆಜ್ಜೆಗೂ ಅರ್ಧವಾಗುವ ಸಂಖ್ಯೆಗಳನ್ನು ಅದರಲ್ಲಿ ಬರೆದರೆ ನೇರ ಗೆರೆ ಬರುತ್ತದೆ. ಗೆರೆ ಕಡಿದಾಗಿ ಇಳಿದರೆ ತಣ್ಣಗೆ, ಸಪಾಟಾಗಿ ಇಳಿದರೆ ಬಿಸಿ. ಅಂದರೆ ಇಳಿಜಾರೇ ಥರ್ಮಾಮೀಟರು. ಹುಡುಗ ಖುಷಿಯಾದ. ನಾನೂ ಖುಷಿಯಾದೆ. ಇಬ್ಬರೂ ತಪ್ಪು.

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಇಂಥ ಪ್ರಯೋಗಗಳ ಅಂಕಿಗಳು ಹೆಪ್‌ಡೇಟಾ ಅನ್ನುವ ತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಿಗುತ್ತವೆ. ಎಂ.ಎಸ್ಸಿ. ಮಾಡುವಾಗ ಇದು ಗೊತ್ತಿದ್ದಿದ್ದರೆ ಅಂತ ಒಂದು ಕ್ಷಣ ಹೊಟ್ಟೆ ಉರಿಯಿತು. 2013ರಲ್ಲಿ ಆಲಿಸ್ ಪ್ರಕಟಿಸಿದ ಸೀಸ-ಸೀಸ ಡಿಕ್ಕಿಯ ಪಟ್ಟಿ ತಗೊಂಡೆ. ಪೈಥಾನ್‌ನಲ್ಲಿ ನಾಲ್ಕು ಸಾಲು. ಪಯಾನ್‌ಗೆ ಒಂದು ಗೆರೆ ಎಳೆದೆ, ಒಂದು ಉಷ್ಣಾಂಶ ಬಂತು. ಕೇಯಾನ್‌ಗೆ ಎಳೆದೆ, ಅದಕ್ಕಿಂತ ಜಾಸ್ತಿ ಬಂತು. ಪ್ರೋಟಾನ್‌ಗೆ ಇನ್ನೂ ಜಾಸ್ತಿ. ಒಂದೇ ಬಾಣಲೆ, ಮೂರು ಬಿಸಿ! ಕೋಡ್‌ನಲ್ಲಿ ತಪ್ಪಿರಬೇಕು ಅಂತ ರಾತ್ರಿ ಒಂದು ಗಂಟೆವರೆಗೂ ತಿದ್ದಿದೆ. ಕೋಡ್ ಸರಿಯಾಗೇ ಇತ್ತು.

ಇದರ ಉತ್ತರ ಸಿಕ್ಕಿದ್ದು ಮರುದಿನ ಕೆಂಗೇರಿ ಕಡೆಯ ಬಿಎಂಟಿಸಿ ಬಸ್ಸಿನಲ್ಲಿ ನಿಂತಿದ್ದಾಗ. ಬಸ್ಸಿನೊಳಗೆ ಜನ ಆ ಕಡೆ ಈ ಕಡೆ ನುಗ್ಗಾಡುತ್ತಾರಲ್ಲ, ಅದು ಒಂದು ಚಲನೆ. ಇಡೀ ಬಸ್ಸು ಮೈಸೂರು ರಸ್ತೆಯಲ್ಲಿ ಮುಂದೆ ಹೋಗುವುದು ಇನ್ನೊಂದು. ಬಸ್ಸಿನ ವೇಗ ಎಲ್ಲರಿಗೂ ಒಂದೇ, ಮಗುವಿಗೂ ಅದೇ, ನೂರು ಕೆಜಿಯ ಅಂಕಲ್‌ಗೂ ಅದೇ. ಆದರೆ ಡ್ರೈವರ್ ಬ್ರೇಕ್ ಹಾಕಿದಾಗ ನಿಮ್ಮ ಮೇಲೆ ಮಗು ಬೀಳುವುದಕ್ಕೂ ಅಂಕಲ್ ಬೀಳುವುದಕ್ಕೂ ವ್ಯತ್ಯಾಸ ಇದೆ, ನಿಂತು ಓಡಾಡಿದವರಿಗೆ ಗೊತ್ತು. ಒಂದೇ ವೇಗವಾದರೂ ಭಾರ ಜಾಸ್ತಿ ಇದ್ದವರಿಗೆ ಸಿಗುವ ಶಕ್ತಿ ಜಾಸ್ತಿ.

ಡಿಕ್ಕಿಯ ಹನಿಯೂ ಹಾಗೇ. ಒಳಗೆ ಬಿಸಿಯ ನುಗ್ಗಾಟ, ಅದು ಎಲ್ಲ ಕಣಗಳಿಗೂ ಒಂದೇ ಇಳಿಜಾರು ಕೊಡುತ್ತದೆ. ಅದರ ಮೇಲೆ ಇಡೀ ಹನಿ ಹೊರಗೆ ಉಬ್ಬುವ ತಳ್ಳು, ಅದು ಭಾರದ ಕಣಕ್ಕೆ ಹೆಚ್ಚು ಶಕ್ತಿ ಕೊಟ್ಟು ಅದರ ಗೆರೆಯನ್ನು ಸಪಾಟು ಮಾಡುತ್ತದೆ. ವೇಗ ತೀರಾ ಹೆಚ್ಚಿಲ್ಲದಿದ್ದಾಗ ಒಪ್ಪುವ ಒಂದು ಸರಳ ಸೂತ್ರ ಇದೆ: ಇಳಿಜಾರು ತೋರಿಸುವ ಉಷ್ಣಾಂಶ ಸಮ ನಿಜವಾದ ಉಷ್ಣಾಂಶ, ಕೂಡಿಸು ಕಣದ ದ್ರವ್ಯರಾಶಿಯ ಅರ್ಧ ಗುಣಿಸು ತಳ್ಳಿನ ವೇಗದ ವರ್ಗ. ಇಲ್ಲಿ ಎಲ್ಲವನ್ನೂ ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಅಳೆಯುತ್ತಾರೆ, ಚಿಕ್ಕದಾಗಿ ಎಂಇವಿ ಅನ್ನೋಣ. 1 ಎಂಇವಿ ಸುಮಾರು 1,160 ಕೋಟಿ ಡಿಗ್ರಿ. ಉದಾಹರಣೆಗೆ ನಿಜವಾದ ಬಿಸಿ 100, ತಳ್ಳು ಬೆಳಕಿನ ವೇಗದ ಅರ್ಧ ಅಂತ ಇಟ್ಟುಕೊಳ್ಳಿ. ಪಯಾನಿನ ದ್ರವ್ಯರಾಶಿ ಸುಮಾರು 140, ಅದರ ಗೆರೆ 117 ತೋರಿಸುತ್ತದೆ. ಕೇಯಾನ್ 494, ಅದು 162 ತೋರಿಸುತ್ತದೆ. ಪ್ರೋಟಾನ್ 938, ಅದು 217. ಮೂರೂ ಸುಳ್ಳು ಹೇಳುತ್ತಿಲ್ಲ, ಆದರೆ ಯಾವುದೂ ಒಂಟಿಯಾಗಿ ಬಿಸಿಯನ್ನು ಹೇಳುತ್ತಿಲ್ಲ. ಮೂರನ್ನೂ ಭಾರದ ಎದುರು ಇಟ್ಟು ಒಂದು ಗೆರೆ ಎಳೆದು, ಭಾರ ಸೊನ್ನೆ ಆಗುವಲ್ಲಿಗೆ ಅದನ್ನು ಹಿಂದಕ್ಕೆ ಚಾಚಿದರೆ ಅಲ್ಲಿ 100 ಸಿಗುತ್ತದೆ. ಗೆರೆ ಎಷ್ಟು ಏರಿದೆ ಅನ್ನುವುದರಲ್ಲಿ ತಳ್ಳು ಸಿಗುತ್ತದೆ. ಸರ್ನ್‌ನ ಹಳೆಯ ಎಸ್‌ಪಿಎಸ್ ಯಂತ್ರದಲ್ಲಿ 1990ರ ದಶಕದಲ್ಲಿ ಸೀಸ ಬಡಿಸಿದಾಗ ಭಾರದ ಜೊತೆ ಇಳಿಜಾರು ಏರುವುದು ಹೀಗೇ ಕಂಡಿತ್ತು.

ಆ ಚಿತ್ರ ಬರೆದು ಮುಗಿಸಿದಾಗ ನನಗೆ ಖುಷಿ ಆಗಬೇಕಿತ್ತು. ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು. ಯಾಕೆ ಅಂತ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಮನೆಗೆ ದಿನಸಿ ತಲುಪಿಸುವ ಒಂದು ಕಂಪನಿಯಲ್ಲಿ. ಹೆಸರು ಬೇಡ. ಹೋದ ವರ್ಷ ರಾಜಾಜಿನಗರ ಮತ್ತು ಕೆಂಗೇರಿ ಎರಡು ಸ್ಟೋರ್‌ಗಳ ಡೆಲಿವರಿ ತಡ ಎಷ್ಟು ಅಂತ ವರದಿ ಕೇಳಿದ್ದರು. ತಡದ ನಿಮಿಷಗಳನ್ನು ಎಣಿಸಿ, ಲಾಗ್ ಸ್ಕೇಲ್‌ನಲ್ಲಿ ಹಾಕಿ, ಒಂದೊಂದು ಸ್ಟೋರ್‌ಗೆ ಒಂದೊಂದು ಇಳಿಜಾರು ತೆಗೆದಿದ್ದೆ. ಹೌದು, ಅದೇ ಸಾಸಿವೆ ಲೆಕ್ಕ. ಕೆಂಗೇರಿಯ ಗೆರೆ ಸಪಾಟಾಗಿತ್ತು. "ಕೆಂಗೇರಿ ರೈಡರ್‌ಗಳು ನಿಧಾನ" ಅಂತ ಒಂದು ಸ್ಲೈಡ್ ಮಾಡಿದೆ. ಚೆಂದದ ಸ್ಲೈಡು, ಮೀಟಿಂಗ್‌ನಲ್ಲಿ ಹೊಗಳಿಕೆಯೂ ಬಂತು. ಮುಂದಿನ ತಿಂಗಳಿಂದ ಅಲ್ಲಿಯ ಹುಡುಗರ ವಾರದ ಇನ್ಸೆಂಟಿವ್ ಕಡಿಮೆ ಆಯಿತು.

ಆಮೇಲೆ ಯಾವುದೋ ಕೆಲಸಕ್ಕೆ ಆ ಸ್ಟೋರ್‌ಗೆ ಹೋದಾಗ ಒಬ್ಬ ರೈಡರ್, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಜಗಳದ ಧ್ವನಿ ಇಲ್ಲದೇ ಕೇಳಿದ್ದರು. "ಮೇಡಂ, ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಹೊತ್ಕೊಂಡು ಲಿಫ್ಟ್ ಇಲ್ದಿರೋ ಮನೇಲಿ ಮೂರನೇ ಫ್ಲೋರ್ ಹತ್ತಿದ್ದೀರಾ?" ನಾನು ನಕ್ಕು "ಇಲ್ಲ ಅಣ್ಣ" ಅಂದಿದ್ದೆ. ಆ ನಗು ಈಗಲೂ ನೆನಪಾಗುತ್ತದೆ.

ಪ್ರೋಟಾನ್ ಚಿತ್ರ ನೋಡಿದ ರಾತ್ರಿ ಹಳೆಯ ಫೈಲ್ ತೆಗೆದೆ. ಆರ್ಡರ್‌ಗಳನ್ನು ತೂಕದ ಪ್ರಕಾರ ಬೇರೆ ಮಾಡಿದೆ, ಐದು ಕೆಜಿ ಒಳಗೆ, ಹತ್ತರ ಒಳಗೆ, ಹೀಗೆ. ಪ್ರತಿ ಗುಂಪಿಗೂ ಇಳಿಜಾರು ತೆಗೆದು ತೂಕದ ಎದುರು ಇಟ್ಟೆ. ಎರಡೂ ಸ್ಟೋರ್‌ನ ಗೆರೆಗಳು ತೂಕ ಸೊನ್ನೆಯ ಹತ್ತಿರ ಒಂದೇ ಕಡೆ ಬಂದು ಸೇರಿದವು. ಹಗುರ ಆರ್ಡರ್‌ನಲ್ಲಿ ಕೆಂಗೇರಿಯವರೂ ರಾಜಾಜಿನಗರದವರೂ ಒಂದೇ. ಭಾರ ಏರಿದಂತೆ ಕೆಂಗೇರಿಯ ಗೆರೆ ಮಾತ್ರ ಮೇಲಕ್ಕೆ. ಅಲ್ಲಿ ತಿಂಗಳ ದಿನಸಿ ಒಟ್ಟಿಗೆ ತರಿಸುವ ಮನೆಗಳು ಜಾಸ್ತಿ, ಲಿಫ್ಟ್ ಇಲ್ಲದ ಕಟ್ಟಡಗಳೂ ಜಾಸ್ತಿ. ನಿಧಾನ ಮನುಷ್ಯರಲ್ಲಿ ಇರಲಿಲ್ಲ, ಮೆಟ್ಟಿಲಿನಲ್ಲಿತ್ತು.

ಬೆಳಿಗ್ಗೆ ಮ್ಯಾನೇಜರ್‌ಗೆ ಮೇಲ್ ಹಾಕಿದೆ, "ನನ್ನ ವರದಿ ತಪ್ಪು" ಅಂತ ಮೊದಲ ಸಾಲಿನಲ್ಲೇ ಬರೆದು. ಕಳಿಸುವ ಮೊದಲು ಹತ್ತು ನಿಮಿಷ ಮೌಸ್ ಹಿಡಿದು ಕೂತಿದ್ದೆ ಅಂತ ಒಪ್ಪಿಕೊಳ್ಳಲೇಬೇಕು.

ಹುಡುಗನಿಗೆ ಇದೆಲ್ಲ ಹೇಳಲಿಲ್ಲ. ಎರಡನೇ ಭಾನುವಾರ ಅವನಿಗೆ ಬೇಕಾಗಿದ್ದದ್ದು ಸರ್ನ್‌ನವರ ಉತ್ತರ.

ಎಲ್‌ಎಚ್‌ಸಿಯಲ್ಲಿ ತಳ್ಳು ಎಷ್ಟು ಜೋರು ಅಂದರೆ ಮೇಲಿನ ಸರಳ ಸೂತ್ರ ಸಾಲದು. ಅಲ್ಲಿ ಬಳಸುವುದಕ್ಕೆ ಬ್ಲಾಸ್ಟ್‌ವೇವ್ ಅಂತ ಹೆಸರು, 1993ರಲ್ಲಿ ಷ್ನೆಡರ್‌ಮನ್, ಝೋಲ್‌ಫ್ರಾಂಕ್, ಹೈನ್ಸ್ ಅನ್ನುವ ಮೂವರು ಕೊಟ್ಟ ರೂಪ. ಹನಿಯನ್ನು ಸಣ್ಣ ಸಣ್ಣ ತುಂಡು ಅಂದುಕೊಳ್ಳಿ. ಎಲ್ಲ ತುಂಡಿಗೂ ಒಂದೇ ಬಿಸಿ, ನಡುವಿನ ತುಂಡು ನಿಂತಿದೆ, ಅಂಚಿಗೆ ಹೋದಂತೆ ವೇಗ ಹೆಚ್ಚು. ಪ್ರತಿ ತುಂಡಿನಿಂದ ಬರುವ ಕಣಗಳನ್ನು ಕೂಡಿಸಿದರೆ ಸ್ಪೆಕ್ಟ್ರಮ್‌ನ ಆಕಾರ ಬರುತ್ತದೆ. ಬಿಸಿ, ತಳ್ಳು, ವೇಗ ಅಂಚಿನ ಕಡೆಗೆ ಹೇಗೆ ಏರುತ್ತದೆ ಅನ್ನುವುದು, ಇವು ಗೊತ್ತಿಲ್ಲದವು. ಪಯಾನ್ ಒಂದನ್ನೇ ಹಿಡಿದು ಕೂತರೆ ಬಿಸಿ ಸ್ವಲ್ಪ ಏರಿಸಿ ತಳ್ಳು ಸ್ವಲ್ಪ ಇಳಿಸಿದರೂ ಗೆರೆ ಹೆಚ್ಚುಕಮ್ಮಿ ಹಾಗೇ ಕೂರುತ್ತದೆ. ಪಯಾನ್, ಕೇಯಾನ್, ಪ್ರೋಟಾನ್ ಮೂರಕ್ಕೂ ಒಂದೇ ಬಿಸಿ ಒಂದೇ ತಳ್ಳು ಹೊಂದಬೇಕು ಅಂತ ಕಟ್ಟಿಹಾಕಿದಾಗ ಮಾತ್ರ ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ. ಹಾಗೆ ಕಟ್ಟಿಹಾಕಿ ಆಲಿಸ್ ಪಡೆದದ್ದು: ತಳ್ಳಿನ ಸರಾಸರಿ ವೇಗ ಬೆಳಕಿನ ವೇಗದ ಶೇ 65, ಕಣಗಳು ಕೊನೆಯದಾಗಿ ಒಂದಕ್ಕೊಂದು ತಾಗಿ ಬೇರೆಯಾದಾಗಿನ ಉಷ್ಣಾಂಶ 95 ಎಂಇವಿ, ಅಂದರೆ 1.1 ಲಕ್ಷ ಕೋಟಿ ಡಿಗ್ರಿ.

ಇಲ್ಲೊಂದು ಕಿರಿಕಿರಿ ಇದೆ, ನಮ್ಮಂಥ ಡೇಟಾ ಜನಕ್ಕೆ ಚೆನ್ನಾಗಿ ಅರ್ಥವಾಗುವಂಥದ್ದು. ಗೆರೆಯ ಯಾವ ತುಂಡಿಗೆ ಹೊಂದಿಸಬೇಕು? ಆಲಿಸ್‌ನವರು ಪಯಾನ್‌ಗೆ 0.5ರಿಂದ 1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಸಂವೇಗದ ತುಂಡು ಮಾತ್ರ ತಗೊಂಡರು. ಅದಕ್ಕಿಂತ ಕೆಳಗೆ ಬೇರೆ ಕಣಗಳು ಒಡೆದು ಹುಟ್ಟಿದ ಪಯಾನ್‌ಗಳು ಸೇರಿಕೊಂಡಿರುತ್ತವೆ. ತೀರಾ ಮೇಲಕ್ಕೆ ಹೋದರೆ ಬಿಸಿಗೆ ಸಂಬಂಧವೇ ಇಲ್ಲದ, ನೇರವಾಗಿ ಜೋರಾಗಿ ಬಡಿಸಿಕೊಂಡು ಬಂದವು. ತುಂಡು ಬದಲಿಸಿದರೆ ಉಷ್ಣಾಂಶವೂ ಬದಲಾಗುತ್ತದೆ, ನಾನು ಮಾಡಿ ನೋಡಿದೆ. ಎರಡೂ ತುದಿಯನ್ನು ಒಂದೇ ಏಟಿಗೆ ಮುಚ್ಚುವ ಸೂತ್ರಗಳೂ ಇವೆ. ಬ್ರೆಜಿಲ್‌ನ ಸಾಲಿಸ್ 1988ರಲ್ಲಿ ಕೊಟ್ಟ ಸಂಖ್ಯಾಶಾಸ್ತ್ರದಿಂದ ಬಂದದ್ದು ಬಹಳ ಜನಪ್ರಿಯ, ಚುಕ್ಕಿಗಳ ಮೇಲೆ ದಾರದ ಹಾಗೆ ಕೂರುತ್ತದೆ. ಚೆನ್ನಾಗಿ ಕೂತಿತು ಅಂದ ಮಾತ್ರಕ್ಕೆ ಒಳಗೆ ಏನಾಗಿದೆ ಅಂತ ಅದು ಹೇಳಿತು ಅಂತಲ್ಲ. ನನ್ನ ಸ್ಲೈಡಿನ ಗೆರೆಯೂ ಚೆನ್ನಾಗೇ ಕೂತಿತ್ತು.

"ನಮ್ಮ ಬೆಂಗಳೂರಿನವರು ಯಾರೂ ಇಲ್ವಾ ಇದ್ರಲ್ಲಿ?" ಅಂದ ಹುಡುಗ. ಇದ್ದಾರೆ. ರಾಜಾಜಿನಗರದಿಂದ ಮಲ್ಲೇಶ್ವರ ದಾಟಿದರೆ ಸಿಗುವ ಐಐಎಸ್‌ಸಿಯಲ್ಲಿ ಪ್ರಸಾದ್ ಹೆಗ್ಡೆ ಎಂಬ ಭೌತವಿಜ್ಞಾನಿ ಇದ್ದಾರೆ. ಅವರಿರುವ ಹಾಟ್‌ಕ್ಯುಸಿಡಿ ಅನ್ನುವ ಅಂತರರಾಷ್ಟ್ರೀಯ ತಂಡ ಯಾವ ಡಿಕ್ಕಿಯನ್ನೂ ನೋಡದೆ, ಕ್ವಾರ್ಕುಗಳ ಮೂಲ ಸಮೀಕರಣವನ್ನು ಸೂಪರ್ ಕಂಪ್ಯೂಟರ್‌ನಲ್ಲಿ ಚೌಕಚೌಕವಾಗಿ ಬಿಡಿಸಿ, ಕ್ವಾರ್ಕು ಹನಿ ಮತ್ತೆ ಸಾಮಾನ್ಯ ಕಣಗಳಾಗುವ ಉಷ್ಣಾಂಶ ಲೆಕ್ಕ ಹಾಕಿತು. 2019ರಲ್ಲಿ ಪ್ರಕಟವಾದ ಉತ್ತರ 156.5 ಎಂಇವಿ, 1.5 ಆಚೀಚೆ. ಇನ್ನೊಂದು ಕಡೆ ಯುರೋಪಿನ ಒಂದು ಗುಂಪು ಆಲಿಸ್‌ನಲ್ಲಿ ಯಾವ ಜಾತಿಯ ಕಣ ಎಷ್ಟು ಹುಟ್ಟಿತು ಅನ್ನುವ ಅನುಪಾತಗಳಿಂದ, ಆ ಜಾತಿಗಳು ನಿಗದಿಯಾದಾಗ ಇದ್ದ ಉಷ್ಣಾಂಶ ತೆಗೆದಿತ್ತು. 2018ರ ಆ ಲೇಖನದಲ್ಲೂ 156.5, 1.5 ಆಚೀಚೆ. ನಾನು ಎರಡು ಸಲ ನೋಡಿದೆ, ಕಾಪಿ ಪೇಸ್ಟ್ ತಪ್ಪಾಗಿದೆಯಾ ಅಂತ. ಹುಡುಗನಿಗೆ ಇನ್ನೂ ಇಷ್ಟವಾದದ್ದು ಜಾಲಹಳ್ಳಿಯ ಬಿಇಎಲ್ ಕಥೆ. ಸೀಸದ ಡಿಕ್ಕಿಗಳನ್ನು ನೋಡುವ ಇನ್ನೊಂದು ಎಲ್‌ಎಚ್‌ಸಿ ಪ್ರಯೋಗ ಸಿಎಂಎಸ್. ಅದರ ಒಂದು ಭಾಗಕ್ಕೆ ಬೇಕಾದ ಸಿಲಿಕಾನ್ ಪಟ್ಟಿ ಶೋಧಕಗಳಲ್ಲಿ ಸುಮಾರು ಸಾವಿರ ತಯಾರಾಗಿದ್ದು ಅಲ್ಲೇ, ಮುಂಬೈನ ಬಿಎಆರ್‌ಸಿ ಜೊತೆ ಸೇರಿ.

ಮೂರನೇ ಭಾನುವಾರ 5.5ಕ್ಕೆ ಬಂದೆವು. ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಸರಿಯಾಗಿಯೇ ಹಿಡಿದ: "ಕೊನೇಲಿ 1.1, ಮಧ್ಯೆ 1.8. ಹಾಗಾದ್ರೆ 5.5 ಎಲ್ಲಿಂದ ಬಂತು?"

ಅದು ಆರಂಭದ ಬಿಸಿ. ಅದನ್ನು ಹೇಳುವುದು ಬೆಳಕು. ಫೋಟಾನ್‌ಗಳು ಹನಿಯೊಳಗೆ ಹುಟ್ಟಿದ ತಕ್ಷಣ ಯಾರಿಗೂ ಸಿಕ್ಕಿಬೀಳದೆ ಹೊರಗೆ ಬರುತ್ತವೆ. ಆದರೆ ಯಂತ್ರಕ್ಕೆ ಬರುವ ಫೋಟಾನ್‌ಗಳಲ್ಲಿ ಬಹುಪಾಲು ಆಮೇಲೆ ಪಯಾನ್ ಮುಂತಾದವು ಒಡೆದು ಬಂದವು. ಅವನ್ನೆಲ್ಲ ಕಳೆದು, ಉಳಿದ ಚೂರಿನ ಇಳಿಜಾರು ತೆಗೆದರೆ 2012ರಲ್ಲಿ ಆಲಿಸ್‌ಗೆ ಸಿಕ್ಕಿದ್ದು 304 ಎಂಇವಿ, 51 ಆಚೀಚೆ. (2016ರಲ್ಲಿ ಪ್ರಕಟವಾದ ಪೂರ್ತಿ ಲೇಖನದಲ್ಲಿ ಅದು 297 ಆಯಿತು.) 304ನ್ನು 1,160 ಕೋಟಿಯಿಂದ ಗುಣಿಸು ಅಂದೆ. ಫೋನ್‌ನಲ್ಲಿ ಒತ್ತಿದ. 3.5 ಲಕ್ಷ ಕೋಟಿ.

"5.5 ಅಲ್ಲವೇ ಅಲ್ಲ!"

ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ನ್ಯೂಕ್ಲಿಯಸ್ ಬಡಿಸುವವರು 2010ರಲ್ಲಿ ಇದೇ ಥರ 221 ಎಂಇವಿ ಇಳಿಜಾರು ಅಳೆದಿದ್ದರು. ಆ ಇಳಿಜಾರಿನಲ್ಲಿ ಹನಿಯ ಇಡೀ ಆಯುಷ್ಯದ ಬೆಳಕು ಬೆರೆತಿರುತ್ತದೆ, ಮೊದಲ ಬಿಸಿ, ಆಮೇಲಿನ ತಣಿವು, ಜೊತೆಗೆ ನಮ್ಮ ಕಡೆ ಓಡಿಬರುವ ಹನಿಯ ಬೆಳಕು ಡಾಪ್ಲರ್‌ನಿಂದ ಜೋರಾಗಿ ಕಾಣುವುದು. ಆಂಬ್ಯುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗುವ ಹಾಗೆ, ಇಲ್ಲೂ ತಳ್ಳು ಬಿಡಲಿಲ್ಲ. ಮಾದರಿಗಳನ್ನು ಬಳಸಿ ಹಿಂದಕ್ಕೆ ಲೆಕ್ಕ ಹಾಕಿ ಆರಂಭದ ಬಿಸಿ ಸುಮಾರು 4 ಲಕ್ಷ ಕೋಟಿ ಡಿಗ್ರಿ ಅಂದರು. ಆಲಿಸ್‌ನ ಇಳಿಜಾರು ಅದಕ್ಕಿಂತ ಶೇ 38 ಹೆಚ್ಚು. 4ಕ್ಕೆ ಶೇ 38 ಸೇರಿಸಿದರೆ 5.5. ಗಿನ್ನೆಸ್‌ನವರೂ 5 ಲಕ್ಷ ಕೋಟಿ ದಾಟಿದೆ, 5.5 ಇರಬಹುದು ಅಂತ ಬರೆದಿದ್ದು. ಆ 'ಇರಬಹುದು' ಕ್ವಿಜ್ ಪುಸ್ತಕಕ್ಕೆ ಬರುವಷ್ಟರಲ್ಲಿ ಉದುರಿಹೋಗಿತ್ತು.

ಆಫೀಸಿನ ವಿಷಯ ಅರ್ಧಂಬರ್ಧ ಮುಗಿಯಿತು. ಈ ತಿಂಗಳಿಂದ ತೂಕ ಮತ್ತು ಫ್ಲೋರ್ ಎರಡನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆ. ಕಳೆದ ನಾಲ್ಕು ತಿಂಗಳ ಕಡಿತದ ದುಡ್ಡು ಇನ್ನೂ ವಾಪಸ್ ಆಗಿಲ್ಲ, "ನೋಡೋಣ" ಅನ್ನುತ್ತಿದ್ದಾರೆ, ನಾನು ವಾರಕ್ಕೊಂದು ಮೇಲ್ ಹಾಕುತ್ತಿದ್ದೇನೆ. ಹೋದ ಶನಿವಾರ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ ಆ ಅಣ್ಣನಿಗೆ ಸ್ಲೈಡ್ ಬರೆದವಳು ನಾನೇ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ದುಡ್ಡು ಯಾವಾಗ ಬರುತ್ತೆ ಮೇಡಂ?" ಅಂದರು.

ಕ್ವಿಜ್‌ನ ಬರಹದ ಸುತ್ತಿನಲ್ಲಿ ಆ ಪ್ರಶ್ನೆ ಬಂದೇಬಂತಂತೆ. ಹುಡುಗ "5.5 ಲಕ್ಷ ಕೋಟಿ ಇರಬಹುದು" ಅಂತ ಬರೆದಿದ್ದ. ಪೇಪರ್ ತಂದು ತೋರಿಸಿದ. ಮಾರ್ಕ್ಸ್ ಕೊಟ್ಟಿದ್ದರು, 'ಇರಬಹುದು' ಮೇಲೆ ಕೆಂಪು ಗೀಟು ಹಾಕಿದ್ದರು.